ಅರ್ಧಕ್ಕೆ ನಿಲ್ಲುವ ಕಹಳೆ

"ನನ್ನ ಹುಡುಕ್ಕೊಂಡು ಬಂದ್ರೆ ಈ ಫೋನ್ ಮಾಡೋದನ್ನೂ ಬಿಟ್ಬಿಡ್ತೀನಿ" ಎಂದಿದ್ದಳು, ಅಪ್ಪನ ಮೇಲೆ ಮುನಿದು ಮನೆ ಬಿಟ್ಟು ಹೋದ ಮಗಳು. ಯಾವ ದೇಶ, ಯಾವ ಊರು, ಒಂದನ್ನೂ ಹೇಳಿರಲಿಲ್ಲ. ತಿಂಗಳ ಮೊದಲ ಭಾನುವಾರ ನಂಬರ್ ಕಾಣಿಸದ ಒಂದು ಕರೆ ಬರುತ್ತಿತ್ತು, ಅಷ್ಟೇ. ಆದರೆ ಪ್ರತಿ ಸಲವೂ ಅವಳ ಮಾತಿನ ಹಿಂದೆ, ಎಲ್ಲೋ ಎತ್ತರದಿಂದ, ಒಂದು ಕಹಳೆ ಕೇಳುತ್ತಿತ್ತು. ರಾಗ ಮುಗಿಯುವ ಮೊದಲೇ ಅದು ಗಕ್ಕನೆ ನಿಂತುಬಿಡುತ್ತಿತ್ತು.

ಅಂಥ ಕಹಳೆ ಇರುವುದು ಯುರೋಪಿನ ಒಂದು ಹಳೆಯ ಸಂತೆಚೌಕದಲ್ಲಿ ಎಂದು ಟೂರಿನವರು ಹೇಳಿದ ದಿನವೇ ತಾಯಿ ಹೆಸರು ಬರೆಸಿದ್ದಳು. ಈಗ, ತಿಂಗಳ ಮೊದಲ ಭಾನುವಾರ, ಆ ಚೌಕದಲ್ಲಿ, ಚರ್ಚಿನ ಗೋಪುರದ ಕೆಳಗೆ ನಿಂತಿದ್ದಳು. ಹಾದುಹೋಗುವ ಹುಡುಗಿಯರ ಮುಖ ನೋಡಿ ನೋಡಿ ಕಣ್ಣು ಸೋತಿದ್ದವು.

"ಆಂಟಿ, ಎಲ್ಲರೂ ಬಸ್ ಹತ್ತಾಯ್ತು. ಇನ್ನು ಕಾಯಕ್ಕಾಗಲ್ಲ" ಎಂದು ಗೈಡ್ ಮತ್ತೆ ಬಂದು ಕರೆದ.

"ಕೈ ಮುಗೀತೀನಪ್ಪಾ, ಇನ್ನೊಂದು ಐದು ನಿಮಿಷ."

ಅಷ್ಟರಲ್ಲಿ ಫೋನ್ ಬಂತು.

"ಅಮ್ಮಾ, ಎಲ್ಲಿದೀಯಾ? ಏನೋ ಗಲಾಟೆ ಕೇಳಿಸ್ತಿದೆ."

"ಮನೇಲೇ ಕಣೇ. ಟಿವಿ ಹಾಕಿದೀನಿ."

ಗೋಪುರದ ಮೇಲಿಂದ ಕಹಳೆ ಮೊಳಗಿತು. ತಾಯಿ ಗಾಬರಿಬಿದ್ದು ಫೋನನ್ನು ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡಳು. ರಾಗ ಅರ್ಧಕ್ಕೆ ನಿಂತಿತು. ಮತ್ತೆ ಕಿವಿಗಿಟ್ಟುಕೊಂಡರೆ ಆ ಕಡೆಯಿಂದ ಸದ್ದೇ ಇಲ್ಲ.

"ಇದೀಯೇನೇ? ದಮ್ಮಯ್ಯ, ಫೋನ್ ಇಡಬೇಡ ಕಣೇ..."

ಆ ಕಡೆ ಕಿಟಕಿ ತೆರೆದ ಸದ್ದಾಯಿತು. ಆಮೇಲೆ ಮಗಳ ದನಿ ಬಂತು.

"ಈ ಚಳೀಲಿ ಬರೀ ಚಪ್ಪಲಿ ಮೆಟ್ಕೊಂಡು ನಿಂತಿದೀಯಲ್ಲಮ್ಮಾ, ಕಾಲಿಗೆ ಸಾಕ್ಸ್ ಆದ್ರೂ ಹಾಕ್ಕೋಬಾರ್ದಾ?"