ಐದನೆಯ ಟೊಂಗೆ

ಕಬ್ಬು ಕಡಿದ ಹೊಲದಲ್ಲಿ ಉಳಿದ ಒಣ ಸೋಗೆಗೆ, ಅಂದರೆ ರವದಿಗೆ, ಬೆಂಕಿ ಹಚ್ಚಿದ ಹೊಗೆ ಮೂಗಿಗೆ ಬಡಿದಾಗಲೆಲ್ಲ ಕಾಕಾನ ಮದುವೆಯ ಹಿಂದಿನ ದಿನದ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ಮನೆತನದಲ್ಲಿ ಮದುವೆಯ ಹಂದರಕ್ಕೆ ಐದು ಜಾತಿಯ ಗಿಡಗಳ ಟೊಂಗೆ ಕಟ್ಟಲೇಬೇಕು. ತರುವುದು ಅಜ್ಜನ ಕೆಲಸ, ಕಟ್ಟುವುದು ಆಯಿಯ, ಅಂದರೆ ಅಜ್ಜಿಯ ಕೆಲಸ. ಅಜ್ಜ ನನ್ನನ್ನು ಕರೆದುಕೊಂಡು ಅಕ್ಕೋಳದ ನಮ್ಮ ಹೊಲದಾಚೆಯ ಅಡವಿಗೆ ಹೊರಟ. ಅಡವಿ ಎಂಬುದು ಹೆಸರಿಗಷ್ಟೇ. ಎರಡು ಕಬ್ಬಿನ ಹೊಲಗಳ ನಡುವೆ ಉಳಿದಿದ್ದ ಒಂದು ಪಟ್ಟಿ. ಮಾವು, ಅತ್ತಿ, ಮುತ್ತಲ ಸಿಕ್ಕವು. ಇದ್ದೊಂದು ಮುದಿ ನೇರಳೆಯ ಟೊಂಗೆ ಕಡಿದು, ಅದರ ಒರಟು ತೊಗಟೆ ಸವರುತ್ತ ಅಜ್ಜ ನೆಲ ನೋಡಿದ.

“ವರ್ಷಾ ವರ್ಷಾ ಹಣ್ಣ ಉದರತಾವ. ಒಂದ ಸಸಿನೂ ಮ್ಯಾಲ ಬರವಲ್ದು.”

“ಯಾಕ, ಅಜ್ಜಾ?”

“ರವದಿ ಸುಟ್ಟಾಗ ಬೆಂಕಿ ಇಲ್ಲೀತನಕಾ ಬರತೈತಿ.”

ಐದನೆಯದು ಬನ್ನಿ. ಅದು ಇದ್ದ ಜಾಗದಲ್ಲಿ ಕರಿ ಬೊಡ್ಡೆಯೊಂದೇ ಇತ್ತು. ಮುಟ್ಟಿದೆ, ಅಂಗೈಯೆಲ್ಲ ಮಸಿ.

“ಇದನ್ನ ಯಾರ ಸುಟ್ಟಾರ?”

“ನಾವ,” ಎಂದು ಅಜ್ಜ ಅಲ್ಲೇ ಕುಳಿತುಬಿಟ್ಟ. ಆಮೇಲೆ ಎದ್ದು, ಮಾವಿನದೇ ಇನ್ನೊಂದು ಟೊಂಗೆ ಕಡಿದ.

“ಹಂದರದ ಮ್ಯಾಲ ಹೋದ್ರ ಎಲ್ಲಾ ಹಸರನ ಕಾಣತಾವ. ಆಯಿ ಮುಂದ ಹೇಳಬ್ಯಾಡ.”

ಸಂಜೆ ಆಯಿ ಟೊಂಗೆಗಳನ್ನು ಒಂದೊಂದಾಗಿ ಸವರಿ ನೋಡಿದಳು. ಐದನೆಯದರ ಎಲೆ ಹಿಸುಕಿ ಮೂಸಿದಳು, ಅಜ್ಜನ ಮುಖ ನೋಡಿದಳು, ಆಮೇಲೆ ಅದನ್ನೂ ಕಟ್ಟಿದಳು.

ಮೊನ್ನೆ ನನ್ನ ಮಗಳ ಹಂದರಕ್ಕೆ ಕಟ್ಟಿದ್ದು ಐದೂ ಮಾವಿನ ಟೊಂಗೆಗಳೇ. ಯಾರೂ ಮೂಸಿ ನೋಡಲಿಲ್ಲ.