ಗಟ್ಟಿ ಚಿಪ್ಪಿನದು

ರಚ್ಚನಿ ಒದ್ದೆ ಕಾಗದದ ಪೊಟ್ಟಣ ಬಿಚ್ಚಿದಳು. ಒಳಗಿದ್ದ ನೀರಗಿಡ ಕಪ್ಪಗೆ ಕೊಳೆತು ನಾರುತ್ತಿತ್ತು. ಥೊನ್‌ಬುರಿಯ ಕಾಲುವೆ ದಂಡೆಯಲ್ಲಿ ಸಾಕುಮೀನಿನ ಅಂಗಡಿ ಇಟ್ಟಿದ್ದ ಪ್ರಯೂನ್ ಮಾಮ ಅದರ ಗಡ್ಡೆಯನ್ನು ಹಿಚುಕಿ ನೋಡಿದ.

“ಮರಳಲ್ಲಿ ಹೂತಿದ್ದೆಯಾ ತಂಗಿ?”

“ಭತ್ತದ ಪೈರು ನೆಟ್ಟ ಹಾಗೆ ನೆಟ್ಟೆ ಮಾಮ. ಹೆಬ್ಬೆರಳಲ್ಲಿ ಒತ್ತಿ.”

“ಇಸಾನಿನ ಗದ್ದೆ ಸೀಮೆ ಹೆಣ್ಣುಮಗಳು ಅಂತ ಗೊತ್ತಾಯ್ತು ಬಿಡು. ಗಾಜಿನ ತೊಟ್ಟೀಲೂ ಗದ್ದೆ ಮಾಡೋಕೆ ಹೊರಟೆ! ಇದರ ಗಡ್ಡೆ ಮರಳಿನ ಮೇಲಿರಬೇಕು. ಕಲ್ಲಿಗೆ ದಾರದಲ್ಲಿ ಕಟ್ಟಿಬಿಡು, ಬೇರು ತಾನೇ ಹಿಡ್ಕೊಳ್ಳುತ್ತೆ.” ನಗುತ್ತಲೇ ಆತ ಅವಳ ಹಿಂದೆ ನಿಂತಿದ್ದ ಹುಡುಗಿಗೆ ಹೇಳಿದ: “ಪುಟ್ಟೀ, ಆ ಬಾಟ್ಲಿ ಅಮ್ಮನ ಕೈಗೆ ಕೊಡು. ಭಾರ ಇದೆ.”

“ಇವರು ಅಮ್ಮ ಅಲ್ಲ,” ಎಂದಳು ಮುಕ್.

ಹತ್ತು ವರ್ಷದ ಮುಕ್ ಬಾಟಲಿಯನ್ನು ಎದೆಗವಚಿಕೊಂಡಳು. ಒಳಗಿದ್ದ ನೀಲಿ ಕಾಳಗದ ಮೀನನ್ನು ಕೊಡಿಸಿದ್ದು ಅವಳ ತಾಯಿ, ಹೋದ ವರ್ಷ, ತೀರಿಕೊಳ್ಳುವ ಸ್ವಲ್ಪ ಮುಂಚೆ. ರಚ್ಚನಿ ಅವಳಪ್ಪನನ್ನು ಮದುವೆಯಾಗಿ ಆ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಶಾಲೆ ಶುರುವಾದ ಮೇಲೆ ಇಲ್ಲೇ ಇರುವುದೋ, ಅಯುಥಾಯದ ಅಜ್ಜಿಯ ಮನೆಗೆ ಹೋಗಿಬಿಡುವುದೋ, ನೀನೇ ಹೇಳು ಎಂದು ಅಪ್ಪ ಮಗಳಿಗೆ ಬಿಟ್ಟಿದ್ದ. ಇನ್ನು ಐದೇ ದಿನ. ಮುಕ್ ಬಾಯಿ ಬಿಟ್ಟಿರಲಿಲ್ಲ. ಕೇಳುವ ಧೈರ್ಯ ರಚ್ಚನಿಗೂ ಇರಲಿಲ್ಲ. ಮೀನಿಗಾದರೂ ಒಳ್ಳೆಯ ಜಾಗ ಮಾಡಿಕೊಡೋಣವೆಂದು ಸಣ್ಣದೊಂದು ಗಾಜಿನ ತೊಟ್ಟಿ ತಂದಿದ್ದಳು.

“ಮನೇಲಿ ಬೆಳಕು ಹೇಗೆ?” ಎಂದ ಮಾಮ.

“ಎಲ್ಲಿ ಬಂತು ಮಾಮ? ಕಿಟಕಿ ತೆಗೆದ್ರೆ ಪಕ್ಕದ ಮನೆ ಗೋಡೆ.”

“ಹಾಗಾದ್ರೆ ಆ ಕೆಂಪು ಗಿಡಗಳ ಕಡೆ ಕಣ್ಣೂ ಹಾಕ್ಬೇಡ. ಈ ಜರಿಗಿಡ, ಈ ದಪ್ಪೆಲೆಯದು, ಒಂದು ಹಿಡಿ ಪಾಚಿ. ಕಾಡಲ್ಲೂ ಇವು ನೆರಳಲ್ಲಿ ಬೆಳೆಯೋವೇ. ಯಾರು ನೋಡಲಿ ಬಿಡಲಿ, ತಮ್ಮ ಪಾಡಿಗೆ ಚಿಗುರ್ತವೆ.”

“ಜೊತೆಗೂ ಯಾರಾದ್ರೂ ಬೇಕು. ಒಬ್ಬನೇ ಎಷ್ಟಂತ ಇರ್ತಾನೆ?” ರಚ್ಚನಿ ಬಣ್ಣದ ಬಾಲದ ಮರಿಮೀನುಗಳನ್ನು ತೋರಿಸಿದಳು.

“ಆ ಬಾಲ ಕಂಡ್ರೆ ಇನ್ನೊಬ್ಬ ಗಂಡು ಬಂದ ಅಂದ್ಕೊಂಡು ಸಂಜೆಯೊಳಗೆ ಚಿಂದಿ ಮಾಡ್ತಾನೆ. ತಳದಲ್ಲಿ ಹರಿದಾಡೋ ಈ ಪುಟ್ಟ ಕಂದು ಮೀನು ತಗೋ. ಆದ್ರೆ ಮೊದಲು ಇವನ್ನ ಬಿಡ್ಬೇಕು. ವಾರ ಕಳೆದ ಮೇಲೆ ಕೊನೇಲಿ ಅವನನ್ನ. ಅವನೇ ಮೊದಲು ಹೋದ್ರೆ ತೊಟ್ಟಿಯೆಲ್ಲ ನಂದೇ ಅಂತ ಬಂದವ್ರನ್ನ ಕಚ್ತಾನೆ. ನಾವೆಲ್ಲ ಹೀಗೇ ಮಾಡೋದು.”

“ಮುಂಚೆಯಿಂದ ಇದ್ದೋನು ಆಚೆ ಕಾಯ್ಬೇಕಾ?” ಎಂದಳು ಮುಕ್. “ನಿನ್ನೆ ಮೊನ್ನೆ ಬಂದವ್ರೆಲ್ಲ ಒಳಗಾ?”

ರಚ್ಚನಿಯ ಕಿವಿ ಬಿಸಿಯಾಯಿತು. ಮನೆಗೆ ಬಂದ ವಾರದಲ್ಲೇ, ಅನುಕೂಲವಾಗುತ್ತದೆಂದು, ಅಡುಗೆಮನೆಯಲ್ಲಿ ಹುಡುಗಿಯ ತಾಯಿ ಇಟ್ಟಿದ್ದ ಕಲ್ಲಿನ ಒರಳನ್ನು ಬಾಗಿಲ ಬಳಿಯಿಂದ ಒಲೆಯ ಪಕ್ಕಕ್ಕೆ ಜರುಗಿಸಿದ್ದಳು. ಆವತ್ತು ಹುಡುಗಿ ಅರ್ಧ ಊಟದಲ್ಲೇ ಎದ್ದುಹೋಗಿದ್ದೇಕೆಂದು ಈಗ ಹೊಳೆಯಿತು.

“ಮಾಮ, ಅವನೇ ಮೊದಲು ಹೋಗಲಿ,” ಎಂದಳು. “ಇವತ್ತೇ.”

“ಕಚ್ತಾನೆ ಅಂದೆನಲ್ಲ!”

“ಕಚ್ಚಲಿ. ಜಾಗ ಅವನದು. ಕಚ್ಚಿಸ್ಕೊಂಡ್ರೂ ತಡ್ಕೊಂಡಿರೋದು ಏನಾದ್ರೂ ಇದ್ರೆ ಕೊಡಿ.”

ಮಾಮ ತಲೆ ಕೆರೆದುಕೊಂಡು, ಬಸವನಹುಳುಗಳ ಬೋಗುಣಿಯನ್ನು ತಂದು ನೆಲದ ಮೇಲಿಟ್ಟ. “ಹಾಗಾದ್ರೆ ಇವೇ. ಅವನು ಮೀಸೆಗೆ ಬಾಯಿ ಹಾಕಿದ್ರೆ ಚಿಪ್ಪಿನೊಳಗೆ ಎಳ್ಕೊಂಡು ಸುಮ್ನಾಗುತ್ತೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊರಗೆ ಬರುತ್ತೆ.”

ಮುಕ್ ಬೋಗುಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಒಂದೊಂದನ್ನೇ ಎತ್ತಿ, ಉಗುರಿನಿಂದ ಚಿಪ್ಪು ತಟ್ಟಿ, ಕಿವಿಯ ಹತ್ತಿರ ಹಿಡಿದು, ಮತ್ತೆ ನೀರಿಗೆ ಬಿಡತೊಡಗಿದಳು. ಆರಾಯಿತು, ಏಳಾಯಿತು.

“ಯಾವುದೋ ಒಂದು ತಗೋ ಪುಟ್ಟೀ, ಎಲ್ಲ ಒಂದೇ,” ಎಂದ ಮಾಮ.

“ಇರಿ ಮಾಮ.” ಮುಕ್ ತಲೆಯೆತ್ತಲಿಲ್ಲ. “ನಮ್ಮನೇಲಿ ತುಂಬಾ ದಿನ ಇರ್ಬೇಕು ಅದು.”