ಹದಿನೈದು ಲೋಟ ಕಷಾಯ

“ಬೇಕೂಂತಲೇ ಎಂತದೋ ತಿಂದಿದ್ದಾಳೆ ಇವಳು.” ವಾರಿಜ ರಕ್ತಪರೀಕ್ಷೆಯ ವರದಿಯನ್ನು ಹರ್ಷಿಣಿಯ ಮಡಿಲಿಗೆ ಎಸೆದಳು. “ಒಳಗೆ ನನ್ನ ತಮ್ಮ ಸಾಯ್ತಾ ಇದ್ದಾನೆ. ಹೆತ್ತ ಅಪ್ಪನಿಗೆ ಒಂದು ತುಂಡು ಲಿವರ್ ಕೊಡ್ಲಿಕ್ಕೆ ಇಷ್ಟು ಕಷ್ಟವಾ ನಿನಗೆ?”

ಮಣಿಪಾಲದ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಹದಿನೈದು ದಿನಗಳ ಹಿಂದೆ ಮೂವತ್ತಿದ್ದ ಲಿವರ್ ಎನ್‌ಜೈಮ್ ಈಗ ಎಪ್ಪತ್ತೆರಡಾಗಿತ್ತು; ಅದು ಇಳಿಯುವವರೆಗೆ ಅವಳ ಲಿವರ್ ತೆಗೆಯುವಂತಿಲ್ಲ ಎಂದಿದ್ದರು ಡಾಕ್ಟರ್. “ನಾನೇನೂ ತಿನ್ನಲಿಲ್ಲ ಅತ್ತೆ,” ಎಂದಳು ಹರ್ಷಿಣಿ. “ಇಷ್ಟು ಏರುವುದು ಆರೋಗ್ಯ ಇರುವವರಲ್ಲೂ ಉಂಟಂತೆ. ನೋವಿನ ಮಾತ್ರೆಯಿಂದ, ಕೆಲವು ಕಷಾಯದಿಂದಲೂ...” ಅವಳ ಮಾತು ಅಲ್ಲಿಗೇ ನಿಂತಿತು. ದಿನಾ ಬೆಳಿಗ್ಗೆ ಅಮ್ಮ ಎದುರಿಗೇ ನಿಂತು ಕುಡಿಸುತ್ತಿದ್ದ ಅಮೃತಬಳ್ಳಿ ಕಷಾಯದ ಕಹಿ ಬಾಯಿಗೆ ಬಂದಂತಾಯಿತು. ಏನೇನು ಮುಟ್ಟಬಾರದೆಂದು ಡಾಕ್ಟರ್ ಮೊದಲ ದಿನ ಹೇಳಿದ್ದು ಅಮ್ಮನಿಗೇ.

ಪಕ್ಕದಲ್ಲಿ ಕೂತಿದ್ದ ಅಮ್ಮ ಕಮಲ ಎದ್ದು ನಿಂತಳು. “ಅವಳನ್ನು ಬಯ್ಯಬೇಡಿ ಅತ್ತಿಗೆ. ಕುಡಿಸಿದ್ದು ನಾನು. ಡಾಕ್ಟರ್ ಬೇಡ ಅಂದದ್ದಕ್ಕೇ ಕುಡಿಸಿದೆ.”

“ಅವಳು ನಮ್ಮ ಕುಟುಂಬದ ರಕ್ತ. ತಡೆಯಲಿಕ್ಕೆ ನೀನು ಯಾರು?”

“ಹೋದ ವರ್ಷ ನಿಮ್ಮ ಕುಟುಂಬದ ದೈವದ ಪೂಜೆಯ ದಿನ ಚಾವಡಿಯಲ್ಲಿ ಅವಳನ್ನು ಹೊರಗೆ ನಿಲ್ಲಿಸಿದ್ದು ನೀವೇ. ನಮ್ಮದು ಅಳಿಯಕಟ್ಟು, ಮಗಳು ತಾಯಿಯ ಕುಟುಂಬದವಳು, ಗಂಡಸರ ಕುಟುಂಬಕ್ಕೆ ಸೇರುವುದು ಅವರ ಅಕ್ಕತಂಗಿಯರ ಮಕ್ಕಳೇ ಅಂದಿರಿ. ಹಾಗಾದರೆ ನಿಮ್ಮ ತಮ್ಮನ ಕುಟುಂಬದವನು ನಿಮ್ಮ ಮಗ ರೋಶನ್. ಗಟ್ಟಿಮುಟ್ಟಾಗಿದ್ದಾನೆ. ಫೋನ್ ಮಾಡಿ ಬರಲಿಕ್ಕೆ ಹೇಳಿ.”

ವಾರಿಜ ಕೈಯಲ್ಲಿದ್ದ ಫೋನನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದಳು.